ಯುದ್ಧಕಾಲದ ಕಾಗದಪತ್ರ ಮನೆಯಲ್ಲಿದೆಯೇ? ಹೀಗೆ ಶುರುಮಾಡಿ

ಪುಣೆ ಕ್ಯಾಂಪಿನಲ್ಲಿ ಹಳೇ ಮನೆ ಖಾಲಿ ಮಾಡುವವರಿಗೆ, ಖಡ್ಕಿಯಲ್ಲಿ ಅಜ್ಜನ ಸಾಮಾನು ಹಂಚಿಕೊಳ್ಳುವವರಿಗೆ, ಬೆಳಗಾವಿಯಿಂದ ಬಂದ ಮಿಲಿಟರಿ ಟ್ರಂಕನ್ನು ವರ್ಷಗಟ್ಟಲೆ ಮಂಚದಡಿ ತಳ್ಳಿಟ್ಟವರಿಗೆ ಒಂದಲ್ಲ ಒಂದು ದಿನ ಇಂಥ ಗಂಟು ಸಿಗುತ್ತದೆ. ದಾರ ಕಟ್ಟಿದ ಪತ್ರಗಳು, ಸೆನ್ಸಾರಿನವರು ಪಟ್ಟಿ ಅಂಟಿಸಿದ ಲಕೋಟೆ, ಮಾಸಿದ ಫೋಟೊ, ಒಂದು ಪದಕ, ಯಾವುದೋ ಪರಭಾಷೆಯಲ್ಲಿ ಅಚ್ಚಾದ ಕಾರ್ಡು. 'ಇದನ್ನೇನು ಮಾಡೋದು?' ಎಂಬ ಪ್ರಶ್ನೆಗೆ ರದ್ದಿಯವನು ಉತ್ತರ ಹೇಳುವ ಮೊದಲೇ ನೀವು ಇದನ್ನು ಓದುತ್ತಿದ್ದರೆ ಒಳ್ಳೆಯದೇ ಆಯಿತು.

ಯುರೋಪಿನಲ್ಲಿ ನಾಜಿಗಳು ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆ ವರ್ಷಗಳ ಕಾಗದ ನಮ್ಮ ಪುಣೆಯಲ್ಲಿ ಎಲ್ಲಿಂದ ಬರಬೇಕು ಎನ್ನಬೇಡಿ. ಜರ್ಮನಿ, ಆಸ್ಟ್ರಿಯಾಗಳಿಂದ ಜೀವ ಉಳಿಸಿಕೊಂಡು ಬಂದವರು ಮುಂಬಯಿ-ಪುಣೆಗಳಲ್ಲಿ ಇದ್ದರು. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾಸ್‌ಪೋರ್ಟು ಇದ್ದವರನ್ನೆಲ್ಲ ಶತ್ರುದೇಶದವರೆಂದು ಎಣಿಸಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳನ್ನೂ ಹಿಡಿದು ಪುರಂದರ ಕೋಟೆಯ ಶಿಬಿರದಲ್ಲಿ ಇಟ್ಟಿತ್ತು. ಪುಣೆ ಕ್ಯಾಂಪಿನಲ್ಲಿ ಊರಿನವರು ಲಾಲ್ ದೇವಳ ಎಂದು ಕರೆಯುವ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಸಿನಗಾಗ್ ಇದೆ. ಅದರ ಸುತ್ತಮುತ್ತ, ರಾಸ್ತಾ ಪೇಟೆಯಲ್ಲಿ, ತಲೆಮಾರುಗಳಿಂದ ನೆಲೆಸಿದ ಯಹೂದಿ ಮನೆತನಗಳಿದ್ದವು. ನಮ್ಮ ಕನ್ನಡನಾಡಿನ ಕಡೆ ನೋಡಿದರೆ, ಬರ್ಲಿನ್ನಿನ ಓಟೋ ಕೊಯೆನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಪೋಲೆಂಡಿನ ಯಹೂದಿ ಇಂಜಿನಿಯರ್ ಮಾರಿಸ್ ಫ್ರೀಡ್‌ಮನ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದು, ಆಮೇಲೆ ಸಾತಾರದ ಪಕ್ಕದ ಔಂಧ್ ಸಂಸ್ಥಾನದಲ್ಲಿ ಕೆಲಸ ಮಾಡಿದರು. ಇಂಥವರ ಜೊತೆ ದುಡಿದವರ, ಇವರಿಗೆ ಮನೆ ಬಾಡಿಗೆ ಕೊಟ್ಟವರ ಮಕ್ಕಳು-ಮೊಮ್ಮಕ್ಕಳ ಬಳಿ ಏನಿದೆಯೋ ಯಾರು ಬಲ್ಲರು.

ಇನ್ನು ಸಿಪಾಯಿಗಳು. 1942ರ ಜೂನ್ 21ರಂದು ಆಫ್ರಿಕದ ಟೊಬ್ರುಕ್ ಬಿದ್ದಾಗ ಬೆಳಗಾವಿ ಕೇಂದ್ರದ ಮರಾಠಾ ಲೈಟ್ ಇನ್ಫಂಟ್ರಿಯ ಎರಡನೇ ಬಟಾಲಿಯನ್ ಅಲ್ಲೇ ಸೆರೆಸಿಕ್ಕಿತು. ಆಗ ಸೆರೆಯಾದ ಭಾರತೀಯರಲ್ಲಿ ಎಷ್ಟೋ ಮಂದಿ ಮೊದಲು ಇಟಲಿಯ, ಆಮೇಲೆ ಜರ್ಮನಿಯ ಶಿಬಿರಗಳಲ್ಲಿ ವರ್ಷಗಳನ್ನು ಕಳೆದರು. ಮನೆಗೆ ಬಂದ ಅವರ ಕಾರ್ಡುಗಳ ಮೇಲೆ 'ಕ್ರೀಗ್ಸ್‌ಗೆಫಾಂಗೆನೆನ್‌ಪೋಸ್ಟ್' ಎಂಬ ಉದ್ದನೆಯ ಜರ್ಮನ್ ಪದ ಅಚ್ಚಾಗಿರುತ್ತದೆ. ಯುದ್ಧಕೈದಿಗಳ ಅಂಚೆ ಅದು.

ನಿಮ್ಮ ಗಂಟು ಯಾವುದೇ ಇರಲಿ, ಕೆಲಸ ಒಂದೇ. ಒಂದು ಮಾತು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ: ನಾವಿಲ್ಲಿ ರಿಪೇರಿ ಮಾಡುತ್ತಿಲ್ಲ. ಹರಿದದ್ದನ್ನು ಕೂಡಿಸುವುದು, ಕಲೆ ತೆಗೆಯುವುದು ನಮ್ಮ ಕೆಲಸವಲ್ಲ. ಇನ್ನಷ್ಟು ಹಾಳಾಗದಂತೆ ತಡೆಯುವುದು, ಯಾವುದು ಯಾವುದರ ಜೊತೆಗಿತ್ತು ಎಂಬುದು ಕಳೆಯದಂತೆ ನೋಡಿಕೊಳ್ಳುವುದು, ಇಷ್ಟೇ. ಇಷ್ಟು ಯಾರು ಬೇಕಾದರೂ ಮಾಡಬಹುದು. ಭಯಪಡಬೇಡಿ.

ಹಂತ 1: ಮುಟ್ಟುವ ಮೊದಲು ಫೋಟೊ ತೆಗೆಯಿರಿ

ಟ್ರಂಕಿನ ಮುಚ್ಚಳ ತೆರೆದ ಕೂಡಲೇ ಕೈ ಹಾಕಬೇಡಿ. ಮೊಬೈಲಿನಲ್ಲಿ ಮೇಲಿನಿಂದ ಒಂದು ಫೋಟೊ. ಒಂದು ಪದರ ತೆಗೆದಿರಾ? ಮತ್ತೊಂದು ಫೋಟೊ. ಯಾವ ಪತ್ರದ ಒಳಗೆ ಯಾವ ಫೋಟೊ ಇತ್ತು, ಯಾವ ಕಟ್ಟಿನಲ್ಲಿ ಯಾವ ಲಕೋಟೆ ಇತ್ತು ಎಂಬುದೂ ಒಂದು ಮಾಹಿತಿಯೇ. ಹೊಸಬರು ಎಡವುವುದು ಇಲ್ಲೇ: ಉತ್ಸಾಹದಲ್ಲಿ ಎಲ್ಲವನ್ನೂ ಹಾಸಿಗೆ ಮೇಲೆ ಸುರಿದು 'ಫೋಟೊ ಒಂದು ಕಡೆ, ಪತ್ರ ಒಂದು ಕಡೆ' ಎಂದು ಜೋಡಿಸಿಬಿಡುತ್ತಾರೆ. ಆಮೇಲೆ ಆ ಫೋಟೊದಲ್ಲಿರುವ ಹೆಂಗಸು ಯಾರೆಂದು ಹೇಳುವ ಪತ್ರ ಯಾವುದೆಂದು ಗೊತ್ತಾಗುವುದೇ ಇಲ್ಲ.

ಹಂತ 2: ಮೇಜು ಸಿದ್ಧ ಮಾಡಿ

ದೊಡ್ಡ ಮೇಜನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ ಹಾಸಿ. ಫ್ಯಾನು ಆರಿಸಿ. ಚಹಾ ಲೋಟ, ನೀರಿನ ಬಾಟಲಿ ಬೇರೆ ಕೋಣೆಯಲ್ಲಿರಲಿ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ.

ಹಂತ 3: ಕೈ ತೊಳೆದು ಒಣಗಿಸಿಕೊಳ್ಳಿ

ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಂಡ ಕೈ ಸಾಕು. ಕ್ರೀಮು, ಎಣ್ಣೆ, ಸ್ಯಾನಿಟೈಸರ್ ಬೇಡ. ಸಿನಿಮಾದಲ್ಲಿ ತೋರಿಸುವ ಬಿಳಿ ಹತ್ತಿ ಗ್ಲೌಸು ಕಾಗದಕ್ಕೆ ಬೇಡವೇ ಬೇಡ. ಅದರಲ್ಲಿ ಬೆರಳಿಗೆ ಸ್ಪರ್ಶ ತಿಳಿಯದೆ ಅಂಚು ಹರಿಯುತ್ತದೆ. ಫೋಟೊ, ನೆಗೆಟಿವ್, ಪದಕಗಳಿಗೆ ಮಾತ್ರ ಔಷಧಿ ಅಂಗಡಿಯಲ್ಲಿ ಸಿಗುವ ನೈಟ್ರೈಲ್ ಗ್ಲೌಸು ಹಾಕಿಕೊಳ್ಳಿ.

ಹಂತ 4: ರೋಗಿಗಳನ್ನು ಬೇರೆ ಮಾಡಿ

ಒದ್ದೆಯಾದದ್ದು, ಬೂಷ್ಟು ಹಿಡಿದದ್ದು, ಹುಳು ಓಡಾಡುತ್ತಿರುವುದು, ಈ ಮೂರನ್ನೂ ಕೂಡಲೇ ಉಳಿದವುಗಳಿಂದ ದೂರ ಇಡಿ. ಬೂಷ್ಟು ಮುಟ್ಟುವಾಗ ಎನ್-95 ಮಾಸ್ಕ್ ಹಾಕಿಕೊಳ್ಳಿ. ಮನೆಯೊಳಗೆ ಅದನ್ನು ಝಾಡಿಸಬೇಡಿ. ಝಾಡಿಸಿದರೆ ಅದರ ಪುಡಿ ಎಲ್ಲ ಕಾಗದದ ಮೇಲೂ ಹೋಗಿ ಕೂರುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಬ್ಲಾಟಿಂಗ್ ಪೇಪರ್ ಮೇಲೆ ಹರಡಿ ಮೊದಲು ಒಣಗಲು ಬಿಡಿ. ಬಿಸಿಲಿಗೆ ಒಡ್ಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ.

ಇಡೀ ಕಟ್ಟೇ ತೊಯ್ದು ಹೋಗಿದ್ದು ಇವತ್ತು ಒಣಗಿಸಲು ಪುರುಸೊತ್ತಿಲ್ಲವೇ? ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ, ನಿಮಗೆ ತಜ್ಞರನ್ನು ಹುಡುಕಲು ಸಮಯ ಸಿಗುತ್ತದೆ. ಹುಳು ಬಿದ್ದ ಒಣ ಕಾಗದಕ್ಕೂ ಇದೇ ಮದ್ದು: ಎರಡು ಕವರುಗಳೊಳಗೆ ಬಿಗಿಯಾಗಿ ಮುಚ್ಚಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ಬಿಚ್ಚಿದರೆ ಒಳಗೆ ಬೆವರುತ್ತದೆ. ಗಾಜಿನ ನೆಗೆಟಿವ್, ಬಣ್ಣದ ಚಿತ್ರ, ಲೋಹಗಳನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ.

ಹಂತ 5: ಪೆನ್ಸಿಲಿನಲ್ಲಿ ನಂಬರು ಹಾಕಿ

ಮೃದುವಾದ ಪೆನ್ಸಿಲು, 2ಬಿ ಇದ್ದರೆ ಒಳ್ಳೆಯದು. ಹಿಂಬದಿಯ ಕೆಳಮೂಲೆಯಲ್ಲಿ, ಒತ್ತದೆ, ಸಣ್ಣದಾಗಿ ಬರೆಯಿರಿ: 1, 2, 3. ಪತ್ರ 7 ಆದರೆ ಅದರ ಲಕೋಟೆ 7ಎ, ಒಳಗಿದ್ದ ಫೋಟೊ 7ಬಿ. ಫೋಟೊದ ಬೆನ್ನು ನುಣುಪಾಗಿದ್ದು ಪೆನ್ಸಿಲು ಹಿಡಿಯದಿದ್ದರೆ ಅದರ ಮೇಲೆ ಬರೆಯಲೇಬೇಡಿ. ಕವರಿನ ಮೇಲೆ ಬರೆದರೆ ಸಾಕು. ಬಾಲ್‌ಪೆನ್ನು, ಮಾರ್ಕರು, ಅಂಟುವ ಸ್ಟಿಕ್ಕರು, ಹಳದಿ ಚೀಟಿ, ಯಾವುದೂ ಬೇಡ.

ಲಕೋಟೆಯನ್ನು ಎಸೆಯಬೇಡಿ. ಹಿರಿಯರು ಸ್ಟ್ಯಾಂಪಿಗಾಗಿ ಮೂಲೆ ಕತ್ತರಿಸಿಕೊಂಡು ಉಳಿದದ್ದನ್ನು ಒಲೆಗೆ ಹಾಕುತ್ತಿದ್ದರು. ಊರು, ತಾರೀಕು, ಸೆನ್ಸಾರಿನ ಗುರುತು, ಶಿಬಿರದ ನಂಬರು ಇರುವುದೆಲ್ಲ ಲಕೋಟೆಯ ಮೇಲೆಯೇ. ಒಳಗಿನ ಪತ್ರದಲ್ಲಿ ಬರೀ 'ಕ್ಷೇಮ' ಎಂದಿರಬಹುದು, ಹೊರಗಿನದು ಎಲ್ಲ ಕಥೆ ಹೇಳುತ್ತದೆ.

ಹಂತ 6: ಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡ್ ತೆಗೆಯಿರಿ

ಇಲ್ಲಿ ನಿಧಾನ. ಇಡೀ ಕೆಲಸದಲ್ಲಿ ಹೆಚ್ಚು ಕಾಗದ ಹರಿಯುವುದು ಈ ಹಂತದಲ್ಲೇ.

ಎರಡು ಹಾಳೆಯನ್ನು ಗುಂಡುಸೂಜಿ ಚುಚ್ಚಿ ಇಟ್ಟಿದ್ದಾರೆ ಎಂದುಕೊಳ್ಳಿ. ಎಂಬತ್ತು ಮಳೆಗಾಲ ಕಂಡ ಸೂಜಿ ತುಕ್ಕು ಹಿಡಿದು ಕಾಗದಕ್ಕೇ ಕಚ್ಚಿಕೊಂಡಿರುತ್ತದೆ. ಎಳೆದಿರೋ, ಸೂಜಿಯ ಜೊತೆ ಒಂದು ತುಂಡು ಕಾಗದವೂ ಬರುತ್ತದೆ. ಹೀಗೆ ಮಾಡಿ: ಹಾಳೆಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಡಿ. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಂದನ್ನು (ಹಳೇ ಫೈಲ್ ಕವರಿನಿಂದ ಕತ್ತರಿಸಿದರೂ ಆದೀತು) ಸೂಜಿಗೂ ಕಾಗದಕ್ಕೂ ನಡುವೆ ಮೆಲ್ಲಗೆ ತೂರಿಸಿ. ಹಿಂಬದಿಯಲ್ಲೂ ಹೀಗೇ ಇನ್ನೊಂದು ಪಟ್ಟಿ. ಈಗ ಪಟ್ಟಿಗಳನ್ನು ಅತ್ತಿತ್ತ ಕೊಂಚ ಆಡಿಸಿದರೆ ತುಕ್ಕು ಬಿಟ್ಟುಕೊಳ್ಳುತ್ತದೆ. ಕಾಗದವನ್ನು ಒಂದು ಬೆರಳಿನಿಂದ ಒತ್ತಿಹಿಡಿದು ಸೂಜಿಯನ್ನು ಬಂದ ದಾರಿಯಲ್ಲೇ, ನೇರವಾಗಿ, ಹಿಂದಕ್ಕೆ ಜಾರಿಸಿ. ಕಾಗದವನ್ನು ಎತ್ತಬೇಡಿ, ಸೂಜಿಯನ್ನೂ ಎತ್ತಬೇಡಿ. ಸ್ಟೇಪ್ಲರ್ ಪಿನ್ನಾದರೆ ಹಿಂದೆ ತಿರುಗಿಸಿ, ಮಡಚಿದ ಎರಡೂ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ತೆಗೆಯಿರಿ. ಬಾಯಿ ತೆರೆದು ಕಚ್ಚುವಂಥ ಸ್ಟೇಪಲ್ ರಿಮೂವರ್ ಆಫೀಸಿಗಿರಲಿ.

ಕರಗಿ ಅಂಟಿಕೊಂಡ ರಬ್ಬರ್ ಬ್ಯಾಂಡು ಬರದಿದ್ದರೆ ಹಾಗೇ ಬಿಡಿ. ಹಳೇ ಸೆಲ್ಲೋಟೇಪನ್ನೂ ಮುಟ್ಟಬೇಡಿ, ಅದು ತಜ್ಞರ ಪಾಲು. ಹೊಸ ಸೆಲ್ಲೋಟೇಪು, ಫೆವಿಕಾಲ್ ಹತ್ತಿರಕ್ಕೂ ಬರಬಾರದು. ಲ್ಯಾಮಿನೇಶನ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಪ್ರೀತಿಯಿಂದಲೇ ಮಾಡಿಸುತ್ತಾರೆ, ಆದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ಕು ಕಾಗದದೊಳಕ್ಕೆ ಇಳಿದ ಮೇಲೆ ಬಿಡಿಸುವ ದಾರಿಯೇ ಇರುವುದಿಲ್ಲ. ಝೆರಾಕ್ಸ್ ಅಂಗಡಿಯವನು 'ಹತ್ತು ರೂಪಾಯಿ ಅಷ್ಟೇ ಸರ್' ಎಂದರೂ ಬೇಡ ಎನ್ನಿ.

ಹಂತ 7: ಧೂಳು ತೆಗೆಯಿರಿ

ಅಗಲವಾದ, ಮೆತ್ತನೆಯ, ಹೊಸ ಬ್ರಷ್ಷು. ಮೇಕಪ್ಪಿನದ್ದೂ ಆದೀತು, ಬಳಸಿರಬಾರದು ಅಷ್ಟೇ. ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಸವರಿ. ಒದ್ದೆ ಬಟ್ಟೆ ಬೇಡ, ರಬ್ಬರಿನಿಂದ ಉಜ್ಜುವುದು ಬೇಡ. ಪೆನ್ಸಿಲಿನಲ್ಲಿ ಬರೆದ ಪತ್ರಕ್ಕೆ ಬ್ರಷ್ಷನ್ನೂ ತಾಗಿಸಬೇಡಿ. ಶಿಬಿರದ ಎಷ್ಟೋ ಕಾರ್ಡುಗಳು ಪೆನ್ಸಿಲಿನವೇ.

ಹಂತ 8: ಮಡಿಕೆ ಬಿಡಿಸಿ

ಪತ್ರವನ್ನು ಒಂದೊಂದೇ ಮಡಿಕೆಯಾಗಿ ತೆರೆಯಿರಿ. 'ಕಟ್' ಎಂಬ ಸಣ್ಣ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಮಡಚಿದಂತೆಯೇ ಇಡಿ. ಸುಲಭವಾಗಿ ತೆರೆದದ್ದನ್ನು ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೊಂದು ದಪ್ಪ ಪುಸ್ತಕ ಹೇರಿ, ಕೆಲವು ದಿನ ಬಿಡಿ. ಇಸ್ತ್ರಿಪೆಟ್ಟಿಗೆ ತರಬೇಡಿ, ಹಾಗೆ ಮಾಡುವವರೂ ಇದ್ದಾರೆ.

ಹಂತ 9: ಫೋಟೊ ಮತ್ತು ನೆಗೆಟಿವ್ ಬೇರೆ ಇಡಿ

ಫೋಟೊವನ್ನು ಅಂಚಿನಲ್ಲಿ ಹಿಡಿಯಿರಿ. ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಇಡೀ ಪುಟದ ಫೋಟೊ ತೆಗೆದರಾಯಿತು. ಒಂದಕ್ಕೊಂದು ಅಂಟಿಕೊಂಡ ಫೋಟೊಗಳನ್ನೂ ಬಿಡಿಸಲು ಹೋಗಬೇಡಿ.

ನೆಗೆಟಿವಿನ ಡಬ್ಬಿ ತೆರೆದಾಗ ವಿನಿಗರಿನ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ. ಅದನ್ನು ಬೇರೆ ಡಬ್ಬಿಗೆ ಹಾಕಿ, ಮೊದಲು ಸ್ಕ್ಯಾನ್ ಮಾಡಿಸಿ. ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ನೈಟ್ರೇಟ್' ಎಂದು ಇದ್ದರೆ, ಅಥವಾ ಫಿಲ್ಮು ಹಳದಿಯಾಗಿ ಜಿಗುಟಾಗಿದ್ದರೆ, ಎಚ್ಚರ! 1950ರ ಆಸುಪಾಸಿನವರೆಗೂ ಬಳಕೆಯಲ್ಲಿದ್ದ ಈ ಫಿಲ್ಮು ಬಲು ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿದರೆ ನೀರಿಗೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲೇ ಇಂಥ ಫಿಲ್ಮುಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೇ ಭಾರತೀಯ ಚಿತ್ರಗಳ ಪ್ರತಿಗಳೆಷ್ಟೋ ಬೂದಿಯಾದವು. ಗಾಬರಿ ಬೇಡ, ಎರಡು-ಮೂರು ಪಟ್ಟಿಯಿಂದ ಮನೆ ಉರಿಯುವುದಿಲ್ಲ. ಆದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುರುಕಬೇಡಿ. ಕಾಗದದ ಲಕೋಟೆಯಲ್ಲಿ ಹಾಕಿ, ಅಡುಗೆಮನೆ, ದೇವರಮನೆಗಳಿಂದ ದೂರ, ತಂಪು ಜಾಗದಲ್ಲಿಟ್ಟು, ಪ್ರಭಾತ್ ರಸ್ತೆಯ ಕಡೆ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದವರನ್ನು ಕೇಳಿ.

ಹಂತ 10: ಬಟ್ಟೆ, ಪದಕ, ಚರ್ಮ

ತೊಳೆಯಬೇಡಿ. ಉಜ್ಜಬೇಡಿ. ಪದಕಕ್ಕೆ ಬ್ರಾಸೋ ಹಾಕಿ ಫಳಫಳ ಮಾಡಿದರೆ ಅದರ ಮೇಲಿನ ಅಕ್ಷರಗಳೂ ಸವೆದುಹೋಗುತ್ತವೆ. ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು ಕೆತ್ತಿರುವುದುಂಟು, ಬೂದುಗಾಜು ಹಿಡಿದು ನೋಡಿ. ಪ್ರತಿಯೊಂದನ್ನೂ ಬೇರೆ ಬೇರೆ ಚೀಲದಲ್ಲಿಡಿ. ಸಮವಸ್ತ್ರ, ತೋಳುಪಟ್ಟಿ, ಕಸೂತಿ ಬಟ್ಟೆಗಳನ್ನು ಎರಡು-ಮೂರು ಸಲ ಬರೀ ನೀರಿನಲ್ಲಿ ಒಗೆದ ಬಿಳಿ ಮಲ್‌ಮಲ್‌ನಲ್ಲಿ ಸುತ್ತಿ. ಮಡಿಸಲೇಬೇಕಾದರೆ ಮಡಿಕೆಯೊಳಗೆ ಮಲ್‌ಮಲ್ ಸುರುಳಿಯೊಂದನ್ನು ಇಟ್ಟರೆ ಗೆರೆ ಕೂರುವುದಿಲ್ಲ.

ಹಂತ 11: ಸ್ಕ್ಯಾನ್ ಮಾಡಿ

ಚಪ್ಪಟೆ ಗಾಜಿನ ಸ್ಕ್ಯಾನರ್ ಆಗಬೇಕು. ಕಾಗದವನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಹಳೇ ಪತ್ರ ಕೊಡಬೇಡಿ. ಪತ್ರಕ್ಕೆ 300 ಡಿಪಿಐಗಿಂತ ಕಡಿಮೆ ಬೇಡ, ಫೋಟೊಗೆ 600, ಸಣ್ಣ ನೆಗೆಟಿವಿಗೆ 2400. ಬಣ್ಣದಲ್ಲೇ ಮಾಡಿ, ಕಪ್ಪುಬಿಳುಪು ಕಾಗದವಾದರೂ ಸರಿ. ಮೂಲಪ್ರತಿ 'ಟಿಫ್' ಕಡತವಾಗಿರಲಿ, ವಾಟ್ಸಾಪಿಗೆ ಕಳಿಸಲು 'ಜೆಪೆಗ್' ಬೇರೆ ಮಾಡಿಕೊಳ್ಳಿ.

ಎರಡೂ ಬದಿ ಸ್ಕ್ಯಾನ್ ಮಾಡಿ, ಖಾಲಿ ಕಂಡರೂ ಮಾಡಿ. ರೆಡ್‌ಕ್ರಾಸ್ ಸಂದೇಶದ ಫಾರಂ ಸಿಕ್ಕಿದರಂತೂ ಮರೆಯಬೇಡಿ. ಯುದ್ಧ ಶುರುವಾದ ಮೇಲೆ ಶತ್ರುದೇಶಗಳ ನಡುವೆ ಅಂಚೆ ನಿಂತಿತ್ತು. ಬರ್ಲಿನ್ನಿನಲ್ಲಿ ಉಳಿದ ತಾಯಿಗೆ ಮುಂಬಯಿಯಲ್ಲಿದ್ದ ಮಗ ಸುದ್ದಿ ಮುಟ್ಟಿಸಬೇಕಾದರೆ ಈ ಫಾರಂನಲ್ಲಿ 25 ಪದದೊಳಗೆ, ಬರೀ ಮನೆಯ ವಿಚಾರ ಬರೆಯಬೇಕಿತ್ತು. ಅದು ಜಿನೀವಾದ ಮೂಲಕ ತಿಂಗಳುಗಟ್ಟಲೆ ಸುತ್ತಿ ಹೋಗಿ, ಉತ್ತರ ಅದೇ ಹಾಳೆಯ ಹಿಂಬದಿಯಲ್ಲಿ, ಅಷ್ಟೇ ಪದಗಳಲ್ಲಿ ಬರುತ್ತಿತ್ತು. ಮುಂಬದಿ ಮಾತ್ರ ಸ್ಕ್ಯಾನ್ ಮಾಡಿದರೆ ಮಗ ಕೇಳಿದ್ದು ಉಳಿಯುತ್ತದೆ, ತಾಯಿ ಹೇಳಿದ್ದು ಹೋಗುತ್ತದೆ. ಎಷ್ಟೋ ಮನೆಗಳಿಗೆ ಬಂದ ಕೊನೆಯ ಮಾತು ಆ ಹಿಂಬದಿಯದೇ.

ಕಡತದ ಹೆಸರು ತಾರೀಕಿನಿಂದ ಶುರುವಾಗಲಿ: 1943-07-12, ಆಮೇಲೆ ನೀವು ಪೆನ್ಸಿಲಿನಲ್ಲಿ ಹಾಕಿದ ನಂಬರು. ವರ್ಷ ಮೊದಲು ಬಂದರೆ ಕಂಪ್ಯೂಟರು ತಾನೇ ಕ್ರಮವಾಗಿ ಜೋಡಿಸುತ್ತದೆ. ಎಲ್ಲದರ ಮೂರು ಪ್ರತಿ ಮಾಡಿ: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಧಾರವಾಡದ ತಂಗಿಯ ಮನೆ ಆದೀತು, ಕ್ಲೌಡ್ ಆದರೂ ಆದೀತು.

ಸ್ಕ್ಯಾನ್ ಆಯಿತಲ್ಲ ಎಂದು ಮೂಲವನ್ನು ಎಸೆಯಬೇಡಿ. ಇದನ್ನು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಹಂತ 12: ಯಾರು, ಯಾವಾಗ, ಎಲ್ಲಿ ಎಂದು ಬರೆದಿಡಿ

ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ನಂಬರು, ವಸ್ತು, ತಾರೀಕು, ಯಾರಿಂದ ಯಾರಿಗೆ, ನಮ್ಮ ಮನೆಗೆ ಹೇಗೆ ಬಂತು. ಗೊತ್ತಿದ್ದಷ್ಟು ಬರೆಯಿರಿ. ಊಹೆ ಇದ್ದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ಹಂತವನ್ನು ಎಲ್ಲಕ್ಕಿಂತ ಮೊದಲೇ ಮಾಡಿ, ಕಾಗದ ಇನ್ನೊಂದು ವಾರ ಕಾಯುತ್ತದೆ. ಮೊಬೈಲಿನ ರೆಕಾರ್ಡರ್ ಒತ್ತಿ, ಒಂದೊಂದು ಫೋಟೊ ತೋರಿಸಿ, 'ಅಜ್ಜಿ, ಇವರು ಯಾರು?' ಎಂದು ಕೇಳಿ ಸುಮ್ಮನೆ ಕೂತುಬಿಡಿ. ನಡುವೆ ಬಾಯಿ ಹಾಕಬೇಡಿ, ತಾರೀಕು ತಿದ್ದಬೇಡಿ.

ಕೆಲವು ಗುರುತುಗಳು ಕಣ್ಣಿಗೆ ಬಿದ್ದರೆ ತಿಳಿದಿರಲಿ. ಜರ್ಮನ್ ಪಾಸ್‌ಪೋರ್ಟಿನ ಮೊದಲ ಪುಟದಲ್ಲಿ ಕೆಂಪು 'ಜೆ' ಅಕ್ಷರ ಇದ್ದರೆ ಅದು 1938ರ ಅಕ್ಟೋಬರ್ ಆದೇಶದ ಪ್ರಕಾರ ಯಹೂದಿಗಳಿಗೆ ಹಾಕಿದ ಮುದ್ರೆ. ಗಂಡಸರ ಹೆಸರಿನ ನಡುವೆ 'ಇಸ್ರಾಯೆಲ್', ಹೆಂಗಸರ ಹೆಸರಿನಲ್ಲಿ 'ಸಾರಾ' ಬಂದಿದ್ದರೆ ಅದು ಹೆತ್ತವರು ಇಟ್ಟ ಹೆಸರೇ ಆಗಿರಬೇಕಿಲ್ಲ, 1939ರ ಜನವರಿಯಿಂದ ನಾಜಿ ಸರ್ಕಾರ ಬಲವಂತವಾಗಿ ಸೇರಿಸಿದ್ದಿರಬಹುದು. ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆಯಿರಿ.

ಲಿಪಿ ಓದಲಾಗದಿದ್ದರೆ ಹೆದರಬೇಡಿ. ಹಳೇ ಜರ್ಮನ್ ಕೈಬರಹ ಇಂದಿನ ಜರ್ಮನರಿಗೇ ಅರ್ಥವಾಗುವುದಿಲ್ಲ, ಅದಕ್ಕೆ ಬೇರೆ ಓದುಗರಿದ್ದಾರೆ. ಪುಣೆಯ ಮ್ಯಾಕ್ಸ್‌ಮುಲ್ಲರ್ ಭವನದಲ್ಲೋ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲೋ ವಿಚಾರಿಸಿದರೆ ದಾರಿ ತೋರಿಸುವವರು ಸಿಕ್ಕಾರು. ಅದೇ ಗಂಟಿನಲ್ಲಿ ಮನೆಯ ಲೆಕ್ಕವೋ ಬಾಡಿಗೆ ಕರಾರೋ ಹಳೇ ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ ಸದಾಶಿವ ಪೇಟೆಯ ಭಾರತ ಇತಿಹಾಸ ಸಂಶೋಧಕ ಮಂಡಳ ಇದೆ. ಯುರೋಪಿನಲ್ಲಿ ಉಳಿದವರ ಹೆಸರು ಸಿಕ್ಕಿದರೆ ಜರ್ಮನಿಯ ಆರೋಲ್ಸನ್ ಸಂಗ್ರಹಾಲಯದ ಜಾಲತಾಣದಲ್ಲಿ ಹುಡುಕಿ ನೋಡಿ. ಸುಮಾರು 1.75 ಕೋಟಿ ಜನರಿಗೆ ಸಂಬಂಧಿಸಿದ ದಾಖಲೆ ಅಲ್ಲಿದೆ, ದುಡ್ಡು ಕೊಡಬೇಕಿಲ್ಲ. ಏನು ಸಿಗಬಹುದು ಎಂಬುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹುಡುಕಿ, ಒಬ್ಬರೇ ಕೂತು ಹುಡುಕಬೇಡಿ.

ಹಂತ 13: ಹೊದಿಕೆ ಮತ್ತು ಪೆಟ್ಟಿಗೆ

ಆಮ್ಲರಹಿತ ಕಾಗದದ ಫೋಲ್ಡರು, ಒಂದು ಪತ್ರಕ್ಕೆ ಒಂದು. ಪುಣೆಯವರಿಗೆ ಒಂದು ಅನುಕೂಲ ಇದೆ: ಶಿವಾಜಿನಗರದಲ್ಲಿ 1940ರಲ್ಲಿ ಶುರುವಾದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್. ಹತ್ತಿಯ ಚಿಂದಿಯಿಂದ ಮಾಡಿದ ಬಿಳಿ ಕಾಗದವೇ ಬೇಕೆಂದು ಕೇಳಿ. ಹೂವಿನ ಎಸಳು, ಬಣ್ಣ, ಜರಿ ಸೇರಿಸಿದ ಉಡುಗೊರೆ ಕಾಗದ ಬೇಡ. ಕೈಕಾಗದವೆಲ್ಲ ಆಮ್ಲರಹಿತ ಎಂದೇನಿಲ್ಲ. ಆನ್‌ಲೈನಿನಲ್ಲಿ ಸಿಗುವ ಪಿಎಚ್ ಪೆನ್ನಿನಿಂದ ಮೂಲೆಯಲ್ಲಿ ಗೆರೆ ಎಳೆದು ಖಾತ್ರಿ ಮಾಡಿಕೊಳ್ಳಿ. ಪೆನ್ನನ್ನು ಹೊಸ ಕಾಗದದ ಮೇಲೆ ಮಾತ್ರ ಬಳಸಿ, ಹಳೇ ಪತ್ರದ ಮೇಲಲ್ಲ! ದಿನಪತ್ರಿಕೆಯಲ್ಲಿ ಸುತ್ತಬೇಡಿ, ಅದರಷ್ಟು ಹುಳಿ ಕಾಗದ ಇನ್ನೊಂದಿಲ್ಲ.

ಪಾರದರ್ಶಕ ಕವರು ಬೇಕಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲಿನ್. ಮೂಸಿ ನೋಡಿ, ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ, ಬೇಡ. ನುಸಿಗುಳಿಗೆಯೂ ಬೇಡ, ಅದರ ಹಬೆ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ, ನಿಮ್ಮ ಶ್ವಾಸಕ್ಕೂ ಅಲ್ಲ. ಅಜ್ಜಿ ಹೇಳಿದ ಬಜೆಬೇರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೂಲೆಯಲ್ಲಿಡುವುದಾದರೆ ನನ್ನ ತಕರಾರಿಲ್ಲ, ಕಾಗದಕ್ಕೆ ತಾಗದಿದ್ದರೆ ಸರಿ.

ಪೆಟ್ಟಿಗೆಯ ವಿಷಯದಲ್ಲಿ ವಾರ್ಸಾದ ಪಾಠ ಒಂದಿದೆ. ಅಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಟ್ಟಿದ್ದ ಗೆಟ್ಟೋದಲ್ಲಿ ಬಂದಿಯಾಗಿದ್ದ ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಮತ್ತು ಸಂಗಡಿಗರು ಗುಟ್ಟಾಗಿ ಪತ್ರ, ದಿನಚರಿ, ಪಡಿತರ ಚೀಟಿ, ಪೋಸ್ಟರುಗಳನ್ನೆಲ್ಲ ಕೂಡಿಹಾಕಿದರು. 1942ರಲ್ಲಿ ಅದರ ಒಂದು ಭಾಗವನ್ನು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ, 1943ರಲ್ಲಿ ಇನ್ನೊಂದು ಭಾಗವನ್ನು ಎರಡು ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಡಿ ಹೂತರು. ರಿಂಗೆಲ್‌ಬ್ಲಮ್ ಉಳಿಯಲಿಲ್ಲ. 1946ರ ಸೆಪ್ಟೆಂಬರಿನಲ್ಲಿ ತಗಡಿನ ಪೆಟ್ಟಿಗೆಗಳು ಸಿಕ್ಕಾಗ ನೀರು ಒಳಗಿಳಿದು ಕಾಗದಗಳು ತೊಯ್ದಿದ್ದವು, ಬೂಷ್ಟು ಹಿಡಿದಿತ್ತು. 1950ರ ಡಿಸೆಂಬರಿನಲ್ಲಿ ಸಿಕ್ಕ ಹಾಲಿನ ಕ್ಯಾನಿನೊಳಗಿನವು ಬಹಳ ಚೆನ್ನಾಗಿ ಉಳಿದಿದ್ದವು. ಬೆಂಕಿ ಅಪರೂಪಕ್ಕೆ ಬರುತ್ತದೆ, ನೀರು ಯಾವಾಗಲೂ ಕಾಯುತ್ತಿರುತ್ತದೆ.

ಹಂತ 14: ಜಾಗ ಆರಿಸಿ

ನೀರಿನ ಮಾತು ಪುಣೆಯವರಿಗೆ ವಿವರಿಸಬೇಕಿಲ್ಲ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಾಗ ಹೊಳೆದಂಡೆಯ ಪೇಟೆಗಳಲ್ಲಿ ಜನರ ಹಾಸಿಗೆ-ಪಾತ್ರೆಗಳ ಜೊತೆ ಎಷ್ಟು ಮನೆಯ ದಾಖಲೆಗಳು ಹೋದವೋ ಲೆಕ್ಕವಿಟ್ಟವರಿಲ್ಲ. ಆದ್ದರಿಂದ ಪೆಟ್ಟಿಗೆ ನೆಲದ ಮೇಲೆ ಬೇಡ, ಕನಿಷ್ಠ ಒಂದು ಗೇಣು ಮೇಲಿರಲಿ. ಅಟ್ಟವೂ ಬೇಡ, ಏಪ್ರಿಲ್-ಮೇನಲ್ಲಿ ಅಲ್ಲಿ ಕಾಗದ ಬೇಯುತ್ತದೆ. ಬಚ್ಚಲಿನ ಗೋಡೆಗೆ ತಾಗಿದ ಕಪಾಟು ಬೇಡ. ಮಲಗುವ ಕೋಣೆಯ ಸ್ಟೀಲ್ ಕಪಾಟಿನ ನಡುವಿನ ಅರೆ ಒಳ್ಳೆಯದು, ಹೊರಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಒಳಗೆ ಒಂದು ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಇಡಿ. ತೇವಾಂಶ ಶೇ. 35ರಿಂದ 55ರ ನಡುವೆ ಇದ್ದರೆ ನೆಮ್ಮದಿ. 65 ದಾಟಿದರೆ ಬೂಷ್ಟಿಗೆ ಆಹ್ವಾನ.

ಹಂತ 15: ಕೊಡುವುದಾದರೆ ಬರಹದಲ್ಲಿ ಕೊಡಿ

ಮಕ್ಕಳಿಗೆ ಆಸಕ್ತಿ ಇಲ್ಲ, ನಮ್ಮ ನಂತರ ಏನು ಎನ್ನುವವರು ಸಂಸ್ಥೆಗೆ ಒಪ್ಪಿಸಬಹುದು. ಯಹೂದಿಗಳ ಹತ್ಯಾಕಾಂಡಕ್ಕೆ ಸಂಬಂಧಿಸಿದ್ದಾದರೆ ಜೆರುಸಲೇಮಿನ ಯಾದ್ ವಾಶೆಮ್, ವಾಷಿಂಗ್ಟನ್ನಿನ ಹೊಲೊಕಾಸ್ಟ್ ಮ್ಯೂಸಿಯಂ ಎರಡೂ ಮನೆಗಳಿಂದ ಕಾಗದಪತ್ರ ಸ್ವೀಕರಿಸುತ್ತವೆ. ಮೊದಲು ಇ-ಮೇಲಿನಲ್ಲಿ ಕೆಲವು ಫೋಟೊ ಕಳಿಸಿ, ಅವರು ಹೂಂ ಎಂದ ಮೇಲೆ ಮುಂದಿನ ಮಾತು. ಸಿಪಾಯಿಯ ಕಾಗದಗಳಾದರೆ ಬೆಳಗಾವಿಯ ರೆಜಿಮೆಂಟ್ ಕೇಂದ್ರವನ್ನು ಕೇಳಿ. ಯಾರಿಗೇ ಕೊಟ್ಟರೂ ಏನು ಕೊಟ್ಟಿರಿ, ಯಾವ ಷರತ್ತಿಗೆ ಕೊಟ್ಟಿರಿ ಎಂಬ ದಾನಪತ್ರಕ್ಕೆ ಸಹಿ ಆಗಲಿ, ಸ್ಕ್ಯಾನು ನಿಮ್ಮಲ್ಲಿರಲಿ. ಪೆಟ್ಟಿಗೆ ನಿಮ್ಮದಾಗಿದ್ದು ಪತ್ರಗಳು ಹಳೇ ಬಾಡಿಗೆದಾರರದ್ದೋ ನೆರೆಯವರದ್ದೋ ಆಗಿದ್ದರೆ ಮೊದಲು ಅವರ ಕಡೆಯವರನ್ನು ಹುಡುಕಿ. ಯಾರದೋ ತಾಯಿಯ ಪತ್ರವನ್ನು ಫೇಸ್‌ಬುಕ್ಕಿಗೆ ಹಾಕುವ ಹಕ್ಕು ಟ್ರಂಕು ಸಿಕ್ಕಿದ ಮಾತ್ರಕ್ಕೆ ನಮಗೆ ಬರುವುದಿಲ್ಲ. ಹಳೇ ಸಾಮಾನಿನ ವ್ಯಾಪಾರಿ ಬಂದು 'ನಾಜಿ ಮಾಲಿಗೆ ಒಳ್ಳೇ ರೇಟಿದೆ' ಎಂದರೆ ಬಾಗಿಲು ಹಾಕಿಕೊಳ್ಳಿ.

ಹರಿದು ಚೂರಾದದ್ದು, ಅಂಟಿ ಮುದ್ದೆಯಾದದ್ದು ಇದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇನ್‌ಟ್ಯಾಕ್ ಸಂರಕ್ಷಣಾ ಕೇಂದ್ರಕ್ಕೆ ತೋರಿಸಿ. ಪುಣೆಯಲ್ಲೇ ಬೇಕೆಂದರೆ 1917ರಲ್ಲಿ ಹುಟ್ಟಿದ, ಸಾವಿರಾರು ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದ ಭಾಂಡಾರಕರ್ ಸಂಸ್ಥೆಯಲ್ಲಿ ವಿಚಾರಿಸಿ.

ಹಂತ 16: ವರ್ಷಕ್ಕೆ ಎರಡು ಸಲ ತೆರೆದು ನೋಡಿ

ಮೇ ಕೊನೆಯಲ್ಲಿ ಒಮ್ಮೆ, ಮಳೆ ಶುರುವಾಗುವ ಮುಂಚೆ. ಮುಚ್ಚಿದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹೊಸದಾಗಿ ಹಾಕಿ. ಕಿತ್ತಳೆ ಬಣ್ಣದ್ದು ತನ್ನಿ, ಅದು ಹಸಿರಿಗೆ ತಿರುಗಿದರೆ ನೀರು ಕುಡಿದಿದೆ ಎಂದರ್ಥ. ಆಮೇಲೆ ದಸರೆಗೆ ಮನೆ ಸ್ವಚ್ಛ ಮಾಡುವಾಗ ಇನ್ನೊಮ್ಮೆ: ಮೂಲೆಗಳಲ್ಲಿ ಮರಳಿನಂಥ ಪುಡಿ, ಅಂಚಿನಲ್ಲಿ ಕಚ್ಚಿದ ಗುರುತು, ಮುಗ್ಗಲು ವಾಸನೆ ಇದೆಯೇ ನೋಡಿ. ಇದ್ದರೆ ಹಂತ 4ಕ್ಕೆ ಹಿಂತಿರುಗಿ. ಅದೇ ದಿನ ಹಾರ್ಡ್‌ಡಿಸ್ಕನ್ನೂ ಸಿಕ್ಕಿಸಿ ಕಡತ ತೆರೆಯುತ್ತದೆಯೇ ಎಂದು ನೋಡಿಬಿಡಿ, ಡಿಸ್ಕಿಗೆ ಐದಾರು ವರ್ಷವಾಗಿದ್ದರೆ ಹೊಸದಕ್ಕೆ ನಕಲು ಮಾಡಿಕೊಳ್ಳಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕು ಬರೆದು ಸಹಿ ಹಾಕಿ, ಮುಂದಿನ ಸಲ ಯಾರು ನೋಡಬೇಕು ಎಂಬುದನ್ನೂ ಅಲ್ಲೇ ಬರೆಯಿರಿ.